ಸ್ಕೂಟರನ್ನು ಯಾವ ಹೊತ್ತಿನಲ್ಲಿ ಚಾರ್ಜಿಗೆ ಹಾಕುತ್ತೀರಿ?

ಕೇಳುಗರಿಗೆ ನಮಸ್ಕಾರ.

ಬ್ಯಾಟರಿ ಸ್ಕೂಟರಿಗೆ ಹೊಗೆ ಕೊಳವೆಯಿಲ್ಲ, ನಿಜ. ಆದರೆ ಅದು ಕುಡಿಯುವ ಕರೆಂಟು ರಾಯಚೂರಿನಲ್ಲೋ ಬಳ್ಳಾರಿಯ ಕುಡತಿನಿಯಲ್ಲೋ ಕಲ್ಲಿದ್ದಲು ಸುಟ್ಟು ಬಂದಿರಬಹುದು. ಹಾಗಾದರೆ ಪರಿಸರಕ್ಕೆ ಲಾಭವೆಷ್ಟು?

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಾದರೆ ಕಿಲೋಮೀಟರಿಗೆ 51 ಗ್ರಾಂ. ಬ್ಯಾಟರಿ ಸ್ಕೂಟರ್ ಒಂದು ಯೂನಿಟ್ ಕರೆಂಟಿಗೆ, ಚಾರ್ಜರಿನಲ್ಲಿ ಸೋರಿಹೋಗುವುದನ್ನು ಕಳೆದು, ಸುಮಾರು 30 ಕಿ.ಮೀ. ಓಡುತ್ತದೆ. ದೇಶದ ಸರಾಸರಿ ಕರೆಂಟಿನಲ್ಲಿ ಯೂನಿಟ್ಟಿಗೆ 700 ಗ್ರಾಂ ಆಸುಪಾಸು. ಅಂದರೆ ಕಿಲೋಮೀಟರಿಗೆ 23 ಗ್ರಾಂ, ಅರ್ಧಕ್ಕಿಂತ ಕಡಿಮೆ.

ಆದರೆ ಹೊಸ ಸ್ಕೂಟರ್ ಅಂಗಡಿಯಿಂದ ಹೊರಡುವಾಗಲೇ ಸಾಲ ಹೊತ್ತಿರುತ್ತದೆ. ಮೂರು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ತಯಾರಾಗುವಾಗ ಸುಮಾರು 250 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬಿದ್ದಿದೆ ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ 28 ಗ್ರಾಂ ಉಳಿಸುತ್ತ ಅದನ್ನು ತೀರಿಸಲು ಒಂಬತ್ತು ಸಾವಿರ ಕಿ.ಮೀ. ಬೇಕು. ದಿನಕ್ಕೆ 25 ಕಿ.ಮೀ. ಓಡಿಸುವವರಿಗೆ ಒಂದು ವರ್ಷ. ಮನೆಯ ಮೂಲೆಯಲ್ಲಿ ನಿಂತೇ ಇರುವ ಸ್ಕೂಟರ್ ಆ ಸಾಲ ತೀರಿಸುವುದೇ ಇಲ್ಲ.

ಈ ಲೆಕ್ಕವನ್ನು ಇನ್ನಷ್ಟು ಚೆನ್ನಾಗಿಸುವುದು ನಿಮ್ಮ ಕೈಯಲ್ಲಿದೆ. ಪಾವಗಡದಲ್ಲಿ 2,050 ಮೆಗಾವಾಟ್ ಸೌರ ಫಲಕಗಳಿವೆ. ಅವು ದುಡಿಯುವುದು ಹಗಲಲ್ಲಿ. ಕೆಲಸದಿಂದ ಬಂದು ಸಂಜೆ ಏಳಕ್ಕೆ ಪ್ಲಗ್ ಚುಚ್ಚಿದಿರೋ, ಸೂರ್ಯ ಮುಳುಗಿರುತ್ತಾನೆ, ಊರಿನ ದೀಪಗಳೆಲ್ಲ ಹತ್ತಿರುತ್ತವೆ, ಬ್ಯಾಟರಿಯೂ ಓಡಿ ಬಿಸಿಯಾಗಿರುತ್ತದೆ. ಕೆಲಸದ ಜಾಗದಲ್ಲಿ ಸಾಕೆಟ್ ಕೊಟ್ಟರೆ ಬೆಳಗ್ಗೆ ಹನ್ನೊಂದರಿಂದ ಮೂರರೊಳಗೆ ಹಾಕಿ. ಅದಾಗದಿದ್ದರೆ ರಾತ್ರಿ ಹತ್ತರ ಮೇಲೆ: ಕಲ್ಲಿದ್ದಲು ತಪ್ಪದಿದ್ದರೂ ಸಂಜೆಯ ಒತ್ತಡ ತಪ್ಪುತ್ತದೆ, ಬ್ಯಾಟರಿಯೂ ತಣಿದಿರುತ್ತದೆ.

ಬ್ಯಾಟರಿ ಎಷ್ಟು ವರ್ಷ ಬಾಳುತ್ತದೋ ಅಷ್ಟು ಲಾಭ. ಅದನ್ನು ಕೊಲ್ಲುವುದು ಬಿಸಿಲು, ಮತ್ತು ತುಂಬಿಸಿಟ್ಟು ದಿನಗಟ್ಟಲೆ ಮುಟ್ಟದಿರುವುದು. ನೆರಳಲ್ಲಿ ನಿಲ್ಲಿಸಿ. ಊರಿಗೆ ಹೋಗುವುದಿದ್ದರೆ ಅರ್ಧ ಚಾರ್ಜಿನಲ್ಲಿ ಬಿಟ್ಟುಹೋಗಿ.

ಹಳೆಯದಾದ ಮೇಲೆ ಗುಜರಿಗೆ ಹಾಕಬೇಡಿ. ಅಗ್ಗದ ಗಾಡಿಗಳ ಸೀಸದ ಬ್ಯಾಟರಿ ಒಡೆದರೆ ಆಸಿಡ್ ಚರಂಡಿಗೆ ಹೋಗುತ್ತದೆ, ಸೀಸ ಕರಗಿಸುವಾಗ ಅದರ ಧೂಳು ಮಕ್ಕಳ ರಕ್ತಕ್ಕೆ ಸೇರುತ್ತದೆ. ಲಿಥಿಯಂ ಬ್ಯಾಟರಿ ಬಿಚ್ಚಿದರೆ ಬೆಂಕಿಯ ಭಯ. ಒಳಗಿನ ಲವಣಕ್ಕೆ ತೇವ ತಗುಲಿದರೆ ವಿಷಾನಿಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಹಿಂಪಡೆಯುವ ಹೊಣೆ ತಯಾರಕರದು. ಗಾಡಿ ಕೊಳ್ಳುವ ದಿನವೇ, ಎಲ್ಲಿಗೆ ತಂದು ಕೊಡಬೇಕು ಎಂದು ಅಂಗಡಿಯವರಿಂದ ಬರೆಸಿಕೊಳ್ಳಿ.

ನಮಸ್ಕಾರ.