ಸಾಹಿತ್ಯ ಹುಡುಕಬೇಡಿ, ಸದ್ದು ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ. ಶೂಗೇಝ್ ಎಂಬ ರಾಕ್ ಸಂಗೀತದಲ್ಲಿ ಈಚೆಗೆ ಬಂದ ಹಾಡುಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಾನು ಹೇಳಲಿಕ್ಕೆ ಬಂದಿರುವುದು ಒಂದೇ ಮಾತು, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: ಈ ಹಾಡುಗಳಲ್ಲಿ ಸಾಹಿತ್ಯ ಹುಡುಕಬೇಡಿ.

ನಮಗೆ ಕಷ್ಟವಾಗುವುದೇ ಅಲ್ಲಿ. ಭಾವಗೀತೆ ಕೇಳಿ ಬೆಳೆದವರು ನಾವು. ಗಾಯಕರು ಒಂದಕ್ಷರ ನುಂಗಿದರೂ "ಉಚ್ಚಾರ ಸರಿಯಿಲ್ಲ" ಅಂತೀವಿ. ಶೂಗೇಝ್ ಹಾಕಿ ಕೇಳಿಸಿದರೆ ಬರುವ ಮೊದಲ ದೂರು ಏನು ಗೊತ್ತೇ? "ಏನ್ರೀ, ಹಾಡೋದೇ ಕೇಳಿಸ್ತಿಲ್ಲ, ರೆಕಾರ್ಡಿಂಗ್ ಕೆಟ್ಟಿದೆ." ಕೆಟ್ಟಿಲ್ಲ ಸ್ವಾಮಿ, ಬೇಕೆಂದೇ ಹಾಗೆ ಮಾಡಿದ್ದಾರೆ. ಗಿಟಾರನ್ನು ಮುಂದೆ ತಂದು ದನಿಯನ್ನು ಅದರೊಳಗೆ ಇಳಿಸಿದ್ದಾರೆ. ಕಚೇರಿಯಲ್ಲಿ ತಂಬೂರಿಯವರನ್ನು ಮುಂದೆ ಕೂರಿಸಿ, ಗಾಯಕರನ್ನು ಹಿಂದಕ್ಕೆ ಕಳಿಸಿದ ಹಾಗೆ ಅಂದುಕೊಳ್ಳಿ.

ಇದು ಹುಟ್ಟಿದ್ದು 1980ರ ದಶಕದ ಕೊನೆಗೆ, ಬ್ರಿಟನ್ ಮತ್ತು ಐರ್ಲೆಂಡಿನ ತಂಡಗಳಿಂದ. ಗಿಟಾರಿನ ಸದ್ದು ಬದಲಿಸಲಿಕ್ಕೆ ಕಾಲ ಬಳಿ ಸಾಲಾಗಿಟ್ಟ ಪೆಡಲ್‌ಗಳನ್ನು ತುಳಿಯುತ್ತಾ ತಲೆ ತಗ್ಗಿಸಿಯೇ ನುಡಿಸುತ್ತಿದ್ದರು. ಷೂ ನೋಡುತ್ತಾ ನಿಲ್ಲುವವರು ಅಂತ ಪತ್ರಿಕೆಗಳು ಗೇಲಿ ಮಾಡಿದವು, ಆ ಹೆಸರೇ ಉಳಿಯಿತು.

ಈಗ ನನಗೆ ಬಹಳ ಇಷ್ಟವಾದ ಕಥೆ. ಮೈ ಬ್ಲಡಿ ವ್ಯಾಲೆಂಟೈನ್ ಎಂಬ ತಂಡ 'ಲವ್‌ಲೆಸ್' ಆಲ್ಬಂ ಮಾಡುತ್ತಾ 1989ರಿಂದ 1991ರವರೆಗೆ ಕೂತಿತ್ತು. ಸ್ಟುಡಿಯೋ ಮೇಲೆ ಸ್ಟುಡಿಯೋ ಬದಲಾಯಿತು. ತಂಡದ ಗಿಟಾರ್ ವಾದಕ ಕೆವಿನ್ ಶೀಲ್ಡ್ಸ್, ತಂತಿಗಳ ಬಿಗಿ ಹೆಚ್ಚುಕಡಿಮೆ ಮಾಡುವ ಟ್ರೆಮೊಲೊ ಸರಳನ್ನು ಕೈಯಲ್ಲಿ ಹಿಡಿದುಕೊಂಡೇ ತಂತಿ ಮೀಟುತ್ತಿದ್ದರು. ಸ್ವರ ಒಂದು ಕಡೆ ನಿಲ್ಲದೆ ಚೂರು ಮೇಲೆ, ಚೂರು ಕೆಳಗೆ ಜಾರುತ್ತಲೇ ಇರುತ್ತದೆ. ಹಾಡುವ ಸರದಿ ಬಂದಾಗ ಇನ್ನೂ ತಮಾಷೆ. ಎಂಜಿನಿಯರ್ ಕೂರುವ ಕೋಣೆಗೂ ಹಾಡುವ ಕೋಣೆಗೂ ನಡುವೆ ಗಾಜು ಇರುತ್ತದಲ್ಲ, ಅದಕ್ಕೆ ಪರದೆ ಕಟ್ಟಿಬಿಟ್ಟರು. ಹಾಡುವಾಗ ಯಾರೂ ನೋಡಕೂಡದು, ಕೇಳಲೂ ಕೂಡದು! ಪಾಪ, ಎಂಜಿನಿಯರ್ ಗೈ ಫಿಕ್ಸೆನ್ ಟೇಪ್ ಮೆಷಿನ್ನಿನ ಮೀಟರನ್ನೇ ದಿಟ್ಟಿಸುತ್ತಾ ಕೂರಬೇಕು. ಮೀಟರ್ ಅಲುಗಿತೋ, ಒಳಗೆ ಹಾಡುತ್ತಿದ್ದಾರೆ. ನಿಂತಿತೋ, ಟೇಪನ್ನು ಹಿಂದಕ್ಕೆ ಸುತ್ತಿ ಮೊದಲಿನಿಂದ ಶುರು. ಗಾಯಕಿ ಬಿಲಿಂಡಾ ಬುಚರ್ ಅವರನ್ನಂತೂ ಬೆಳಿಗ್ಗೆ ಏಳೂವರೆಗೆ, ಆಗಷ್ಟೇ ಕಣ್ಣು ಹತ್ತಿದವರನ್ನು ಎಬ್ಬಿಸಿ ಹಾಡಿಸುತ್ತಿದ್ದರಂತೆ. ಆಲ್ಬಂ ತುಂಬ ಇರುವುದು ಆ ನಿದ್ದೆಗಣ್ಣಿನ ದನಿ. ನಾನೂ ರೆಕಾರ್ಡಿಂಗ್ ಕೋಣೆಯಲ್ಲೇ ಅನ್ನ ಸಂಪಾದಿಸುವವನು. ದನಿ ಕೇಳಿಸಿಕೊಳ್ಳದೆ ರೆಕಾರ್ಡ್ ಮಾಡು ಅಂದಿದ್ದರೆ ಹೆಡ್‌ಫೋನ್ ಕಳಚಿಟ್ಟು ಎದ್ದು ಹೋಗುತ್ತಿದ್ದೆ.

ಈಗ ಹೇಳಿ, ಎಂಜಿನಿಯರ್‌ಗೇ ಕೇಳಿಸಬಾರದು ಅಂತ ಪರದೆ ಕಟ್ಟಿಕೊಂಡು ಹಾಡಿದವರ ಪದಗಳನ್ನು ನೀವು ಹುಡುಕುತ್ತಾ ಕೂರಬೇಕೇ?

ಅಯ್ಯೋ, ಹೊಸ ಹಾಡುಗಳಿಗೆ ನಾನಿನ್ನೂ ಬಂದೇ ಇಲ್ಲ. ಬೇಗ ಹೇಳಿಬಿಡುತ್ತೇನೆ. ಸ್ಲೋಡೈವ್, ಇಂಗ್ಲೆಂಡಿನ ರೀಡಿಂಗ್ ಊರಿನವರು. 1995ರಲ್ಲಿ ರೆಕಾರ್ಡ್ ಕಂಪನಿ ಕೈಬಿಟ್ಟಿತು, ತಂಡ ಚದುರಿತು. 2014ರಲ್ಲಿ ಮತ್ತೆ ಒಂದಾದರು. 2023ರ 'ಎವ್ರಿಥಿಂಗ್ ಈಸ್ ಅಲೈವ್' ಆಲ್ಬಮ್ಮನ್ನು ಗಾಯಕಿ ರೇಚಲ್ ಗಾಸ್‌ವೆಲ್ ಅವರ ತಾಯಿಗೂ ಡ್ರಮ್ಸ್ ನುಡಿಸುವ ಸೈಮನ್ ಸ್ಕಾಟ್ ಅವರ ತಂದೆಗೂ ಅರ್ಪಿಸಿದ್ದಾರೆ. ಇಬ್ಬರೂ ತೀರಿಕೊಂಡದ್ದು 2020ರಲ್ಲಿ. ಆ ದುಃಖ ತಿಳಿಯಲಿಕ್ಕೆ ಒಂದು ಪದವೂ ಬೇಡ, ಗಿಟಾರೇ ಸಾಕು. ಹೊಸಬರು ಅದರಲ್ಲಿನ 'ಕಿಸಸ್' ಹಾಡಿನಿಂದ ಶುರು ಮಾಡಿ, ಸುಲಭವಾಗಿ ಒಳಗೆ ಕರೆದುಕೊಳ್ಳುತ್ತದೆ. ಅದೇ 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹುಡುಗಿಯೊಬ್ಬಳು ವಿಸ್ಪ್ ಎಂಬ ಹೆಸರಿನಲ್ಲಿ, ಬೇರೆಯವರು ಮಾಡಿಟ್ಟ ಟ್ರ್ಯಾಕ್ ಮೇಲೆ 'ಯುವರ್ ಫೇಸ್' ಹಾಡಿ ಟಿಕ್‌ಟಾಕ್‌ಗೆ ಬಿಟ್ಟಳು. ಲವ್‌ಲೆಸ್ ಬಂದಾಗ ಹುಟ್ಟಿಯೇ ಇರದ ಮಕ್ಕಳು ಅದಕ್ಕೆ ಮುಗಿಬಿದ್ದರು. ಹಳಬರಾದ ರೈಡ್ ತಂಡದ 'ಇಂಟರ್‌ಪ್ಲೇ', ಅಮೆರಿಕದ ಡೈವ್ ತಂಡದ 'ಫ್ರಾಗ್ ಇನ್ ಬಾಯ್ಲಿಂಗ್ ವಾಟರ್', ಎರಡೂ 2024ರವು. ವಿವರ ಹೇಳಲಿಕ್ಕೆ ಸಮಯವಿಲ್ಲ.

ದಯವಿಟ್ಟು ಮೊಬೈಲಿನ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ, ಮಂದ್ರದ ಸದ್ದೆಲ್ಲ ಅಲ್ಲೇ ಸತ್ತುಹೋಗುತ್ತದೆ. ಒಳ್ಳೆಯ ಇಯರ್‌ಫೋನ್ ಹಾಕಿಕೊಳ್ಳಿ. ಮೊಬೈಲಿನ ಪರದೆಯ ಮೇಲೆ ಲಿರಿಕ್ಸ್ ಅಂತ ಒಂದು ಬಟನ್ ಬರುತ್ತದೆ, ಅದನ್ನು ಮುಟ್ಟಬೇಡಿ. ನಮಸ್ಕಾರ.