ಜಾಮೀನು ಬ್ಯಾಂಕಿಗೆ ಸ್ವಾಮಿ, ನಿಮಗಲ್ಲ!

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕೆಂದಿದ್ದೆ. ಆದರೆ ಕಳೆದ ಸಂಚಿಕೆಗೆ ಬಂದ ಒಂದು ಪ್ರತಿಕ್ರಿಯೆ ನನ್ನ ನಿದ್ದೆ ಕೆಡಿಸಿತು. ಅಮೆರಿಕದಲ್ಲಿರುವ ವೀಕ್ಷಕರೊಬ್ಬರು ಬರೆದಿದ್ದಾರೆ: "ಎಸ್‌ಬಿಎ ಸಾಲ ತೆಗೆದು ಫ್ರಾಂಚೈಸಿ ಹಿಡಿಯುತ್ತಿದ್ದೇನೆ. ಶೇ 75ಕ್ಕೆ ಸರ್ಕಾರವೇ ಜಾಮೀನು. ಮುಳುಗಿದರೂ ನನ್ನ ತಲೆಗೆ ಶೇ 25 ತಾನೇ?" ಎಸ್‌ಬಿಎ ಎಂದರೆ ಅಲ್ಲಿನ ಸಣ್ಣ ಉದ್ದಿಮೆಗಳಿಗೆ ನೆರವಾಗುವ ಸರ್ಕಾರಿ ಸಂಸ್ಥೆ; ಫ್ರಾಂಚೈಸಿ ಎಂದರೆ ಬ್ರ್ಯಾಂಡೊಂದರ ಹೆಸರಲ್ಲಿ ಮಳಿಗೆ ನಡೆಸುವ ಹಕ್ಕು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಇವರೇ.

ಜಾಮೀನು ಇರುವುದು ಬ್ಯಾಂಕಿಗೆ. ನಿಮಗಲ್ಲ. 1953ರಿಂದ ಇರುವ ಈ ಎಸ್‌ಬಿಎ ತನ್ನ ಸೆವೆನ್-ಎ ಎಂಬ ಸಾಲ ಯೋಜನೆಯಲ್ಲಿ ನಿಮ್ಮ ಕೈಗೆ ದುಡ್ಡು ಎಣಿಸುವುದೇ ಇಲ್ಲ. ಎಣಿಸುವುದು ಬ್ಯಾಂಕು. ಸಾಮಾನ್ಯವಾಗಿ ಒಂದೂವರೆ ಲಕ್ಷ ಡಾಲರ್‌ವರೆಗಿನ ಸಾಲಕ್ಕೆ ಶೇ 85, ಅದಕ್ಕಿಂತ ದೊಡ್ಡದಕ್ಕೆ ಶೇ 75ರವರೆಗೆ ಜಾಮೀನು ನಿಲ್ಲುತ್ತೇನೆಂದು ಎಸ್‌ಬಿಎ ಮಾತು ಕೊಡುವುದು ಆ ಬ್ಯಾಂಕಿಗೆ. ನೀವು ಕೈಯೆತ್ತಿದರೆ ಬ್ಯಾಂಕಿಗೆ ಅದರ ಪಾಲು ಸಿಗುತ್ತದೆ. ನಿಮ್ಮ ಸಾಲ ಒಂದು ಡಾಲರೂ ಇಳಿಯುವುದಿಲ್ಲ! ಬಾಕಿ ಖಜಾನೆ ಇಲಾಖೆಗೆ ಹೋದರೆ ನಿಮಗೆ ಬರಬೇಕಾದ ತೆರಿಗೆ ಮರುಪಾವತಿಯನ್ನೂ ಹಿಡಿದುಕೊಳ್ಳಬಹುದು.

"ಸಾಲ ನನ್ನ ಕಂಪನಿಯದು, ನನ್ನದಲ್ಲ" ಎನ್ನುವ ಜಾಣರೂ ಇದ್ದಾರೆ. ಶೇ 20 ಅಥವಾ ಅದಕ್ಕಿಂತ ಹೆಚ್ಚು ಪಾಲು ಇರುವವರು ವೈಯಕ್ತಿಕ ಜಾಮೀನಿಗೆ ಸಹಿ ಹಾಕಬೇಕು. ಅಂದರೆ ಬ್ಯಾಂಕಿಗೆ ಸರ್ಕಾರದ ಜಾಮೀನು, ನಿಮ್ಮ ಕಂಪನಿಯ ಸಾಲಕ್ಕೆ ನೀವೇ ಜಾಮೀನು.

"ಎಸ್‌ಬಿಎ ಪಟ್ಟಿಯಲ್ಲಿ ನಮ್ಮ ಬ್ರ್ಯಾಂಡ್ ಇದೆ!" ಇರಲಿ. ಅದು ಸಾಲಕ್ಕೆ ಅರ್ಹ ಎನ್ನುವ ಮಾತು, ಲಾಭಕ್ಕೆ ಅರ್ಹ ಎನ್ನುವುದಲ್ಲ.

ನನ್ನ ಗೆಳೆಯನೊಬ್ಬ ಹೀಗೇ ಹೊರಟಿದ್ದ. ಬ್ರ್ಯಾಂಡಿನವರ ಮಾಹಿತಿ ದಾಖಲೆ ನನಗೆ ಕಳಿಸಿದ. ಅಲ್ಲಿನ ಕಾನೂನಿನಂತೆ ಸಹಿಗೆ ಕನಿಷ್ಠ 14 ದಿನ ಮೊದಲು ಕೊಡಲೇಬೇಕಾದ ದಾಖಲೆ ಅದು, 23 ಅಂಶಗಳಿರುತ್ತವೆ. ಅವನು ಓದಿದ್ದು ನಗುಮುಖದ ಫೋಟೊಗಳಿರುವ ಕರಪತ್ರ ಮಾತ್ರ. ನಾನು ನೇರವಾಗಿ 20ನೇ ಅಂಶಕ್ಕೆ ಹೋದೆ: ಎಷ್ಟು ಮಳಿಗೆ ತೆರೆದವು, ಎಷ್ಟು ಮುಚ್ಚಿದವು, ಎಷ್ಟು ಕೈ ಬದಲಾದವು, ವರ್ಷವಾರು ಕೋಷ್ಟಕ. "ಮುಚ್ಚಿದವು" ಕಂಬಸಾಲಿನ ಮೇಲೆ ಬೆರಳಿಟ್ಟು ಫೋಟೊ ತೆಗೆದು ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಆಮೇಲೆ ಒಂದು ಕೈಮುಗಿಯುವ ಚಿಹ್ನೆ.

ಬ್ರ್ಯಾಂಡಿನವರಿಗೆ ಕಟ್ಟುತ್ತಲೇ ಇರಬೇಕಾದ ರಾಯಧನದ (ರಾಯಲ್ಟಿ) ಕಥೆ ಇನ್ನೂ ಸೊಗಸು. ಹೆಚ್ಚಿನ ಕಡೆ ಅದು ಲಾಭದ ಮೇಲಲ್ಲ, ಒಟ್ಟು ವ್ಯಾಪಾರದ ಮೇಲೆ. ಹತ್ತು ಸಾವಿರ ಡಾಲರ್ ವ್ಯಾಪಾರ, ಹನ್ನೊಂದು ಸಾವಿರ ಖರ್ಚು ಎಂದುಕೊಳ್ಳಿ. ಶೇ 6 ರಾಯಧನವಾದರೆ 600 ಡಾಲರ್ ಎತ್ತಿಡಲೇಬೇಕು. ಬ್ಯಾಂಕಿನ ಕಂತು ಬೇರೆ. ಆ ಕಂತಿಗೆ ಜಾಮೀನು ಯಾರಿಗೆ? ಬ್ಯಾಂಕಿಗೆ!

ಅಂದ ಹಾಗೆ, "ಓದಿ ಸಹಿ ಹಾಕು" ಎಂದು ಬರೆದಿರುವ ನಮ್ಮ ವಾಹಿನಿಯ ಚಹಾ ಲೋಟ ಮಾರಾಟಕ್ಕಿದೆ. ಅದಕ್ಕೆ ಯಾವ ಸರ್ಕಾರದ ಜಾಮೀನೂ ಇಲ್ಲ, ಬಿದ್ದರೆ ಒಡೆಯುತ್ತದೆ. ಚಂದಾದಾರರಾಗಿ, ಗಂಟೆ ಒತ್ತಿ.

"ಎಷ್ಟೋ ಜನ ಗೆದ್ದಿದ್ದಾರಲ್ಲ" ಎಂದು ಬರೆಯಬೇಡಿ. ಗೆದ್ದಿದ್ದಾರೆ, ಒಪ್ಪಿದೆ, ಆದರೂ ಬ್ಯಾಂಕಿಗೆ! ಕೇಳಿಸಿತೇ? ಬ್ಯಾಂಕಿಗೆ! ಇನ್ನೆಷ್ಟು ಸಲ ಹೇಳಲಿ, ಗಂಟಲು ಹೋಯಿತು.

ಏನಪ್ಪ? ಕ್ಯಾಮೆರಾ ಹಿಂದಿರುವ ನಮ್ಮ ಹುಡುಗ ಕೈಯೆತ್ತಿದ್ದಾನೆ. ಕೇಳು.

"ಸರ್, ಹಾಗಾದರೆ ನಮಗೆ ಬರುವುದು ಆ ಶೇ 25 ಮಾತ್ರ ಅಲ್ಲವೇ?"

ಆರಿಸಪ್ಪ ಕ್ಯಾಮೆರಾ.