ಬೀಪ್ ಕೇಳಿ, ಕೈ ಎಣಿಸಿ

ಕೇಳುಗರಿಗೆಲ್ಲ ನಮಸ್ಕಾರ. ಬೆಳಗ್ಗೆ ಮಕ್ಕಳನ್ನು ಈಜುಕೊಳಕ್ಕೆ ಕರೆದುಕೊಂಡು ಬರುವ ಅಪ್ಪ ಅಮ್ಮಂದಿರೇ, ಆಫೀಸಿಗೆ ಹೊರಡುವ ಮುಂಚೆ ನಾಲ್ಕು ಲ್ಯಾಪ್ ಈಜುವವರೇ, ಇವತ್ತಿನ ಮಾತು ನಿಮಗಾಗಿ.

ಟೆಂಪೊ ಟ್ರೈನರ್ ಅಂತ ಒಂದು ಪುಟ್ಟ ಯಂತ್ರ ಇದೆ. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಚಿಕ್ಕದು. ಈಜುವ ಟೋಪಿಯೊಳಗೆ, ಕಿವಿಯ ಹತ್ತಿರ ಸಿಕ್ಕಿಸಿಕೊಂಡರೆ ನೀರೊಳಗೂ ಬೀಪ್, ಬೀಪ್ ಅಂತ ಕೇಳುತ್ತದೆ. ಸಂಗೀತದ ಮೇಷ್ಟ್ರು ತೊಡೆ ತಟ್ಟಿ ತಾಳ ಹಾಕುತ್ತಾರಲ್ಲ, ಹಾಗೆ. 1.40 ಅಂತ ಇಟ್ಟರೆ 1.40 ಸೆಕೆಂಡಿಗೊಂದು ಬೀಪ್. ಪ್ರತಿ ಬೀಪಿಗೂ ಒಂದು ಕೈ ನೀರಿಗೆ ಇಳಿಯಬೇಕು. ಅಷ್ಟೇ ಅದರ ಕೆಲಸ.

ಈಜಿನ ವೇಗ ಎರಡೇ ವಿಷಯದಿಂದ ಬರುತ್ತದೆ. ಒಂದು ಕೈಗೆ ಎಷ್ಟು ದೂರ ಸಾಗುತ್ತೀರಿ, ಕೈಗಳು ಎಷ್ಟು ಬೇಗ ಬೇಗ ಬೀಳುತ್ತವೆ. ಬೀಪ್ ನೋಡಿಕೊಳ್ಳುವುದು ಎರಡನೆಯದನ್ನು ಮಾತ್ರ. ಮೊದಲನೆಯದನ್ನು ನೀವೇ ನೋಡಿಕೊಳ್ಳಬೇಕು. ಹೇಗೆ? ಕೈ ಎಣಿಸಿ. ಈ ದಡದಿಂದ ಆ ದಡಕ್ಕೆ ಎಷ್ಟು ಕೈ ಹಾಕಿದಿರಿ ಅಂತ ಎಣಿಸಿ.

ನನ್ನ ಹತ್ತಿರ ಈಜಿನ ತರಬೇತಿಗೆ ಒಬ್ಬ ಕಾಲೇಜು ಹುಡುಗ ಬರುತ್ತಿದ್ದ. ಒಳ್ಳೇ ಭುಜ, ಒಳ್ಳೇ ದಮ್ಮು. ಟೈಮ್ ಮಾತ್ರ ಇಳಿಯುತ್ತಿರಲಿಲ್ಲ. ಒಂದು ದಿನ ಹೊಸ ಟೆಂಪೊ ಟ್ರೈನರ್ ತಂದ. ತಂದವನೇ 1.20ಕ್ಕೆ ಇಟ್ಟುಕೊಂಡು ನೀರಿಗೆ ಬಿದ್ದ. ನೋಡುವವರಿಗೆ ಭಾರಿ ಜೋರು! 25 ಮೀಟರಿಗೆ 24 ಕೈ. ಗೋಡೆ ಒದ್ದು ಜಾರುವಾಗ 3 ಬೀಪ್ ಹೋಯಿತು. ಒಟ್ಟು 27 ಬೀಪ್, ಅಂದರೆ 32.4 ಸೆಕೆಂಡು.

"1.40ಕ್ಕೆ ಇಡು" ಅಂದೆ. "ನಿದ್ದೆ ಬರುತ್ತೆ ಮೇಡಂ" ಅಂದ. "ಬರಲಿ, ಇಡಪ್ಪ" ಅಂದೆ. ಈಗ ಕೈಗೆ ಬಿಡುವು ಸಿಕ್ಕಿತು. ಮುಂದಕ್ಕೆ ಪೂರ್ತಿ ಚಾಚಿದ, ಮೊಣಕೈ ಮೇಲಿಟ್ಟು ನೀರು ಹಿಡಿದ, ತೊಡೆಯವರೆಗೂ ತಳ್ಳಿದ. 20 ಕೈ, ಜಾರಿದ್ದು 3. ಒಟ್ಟು 23 ಬೀಪ್. ಲೆಕ್ಕ ಹಾಕಿ, 32.2 ಸೆಕೆಂಡು. ನಿದ್ದೆ ಬರುವ ಈಜೇ ಮುಂದೆ! ಹುಡುಗ ನಂಬಲಿಲ್ಲ, ಮತ್ತೆ ಈಜಿದ. ಅಷ್ಟೇ ಬಂತು.

ಆಮೇಲೆ ಶುರುವಾಯಿತು ನಿಜವಾದ ಕೆಲಸ. ಒಂದೊಂದು ಸಲಕ್ಕೆ 0.02 ಸೆಕೆಂಡ್ ಮಾತ್ರ ಇಳಿಸೋದು. 1.38, 1.36. ಎಣಿಕೆ 20, 21ರಲ್ಲೇ ನಿಂತರೆ ಮುಂದಿನ ಮೆಟ್ಟಿಲು. ಜಿಗಿದರೆ ಅಲ್ಲೇ ನಿಲ್ಲಬೇಕು. ವಾರಗಟ್ಟಲೆ ಹಾಗೇ ಮಾಡಿ 1.30ಕ್ಕೆ ಬಂದ, 21 ಕೈಯಲ್ಲಿ. 24 ಬೀಪ್, 31.2 ಸೆಕೆಂಡು. 1.28ಕ್ಕೆ ಇಟ್ಟ ತಕ್ಷಣ 23 ಕೈ ಆಯಿತು, ಟೈಮ್ 33 ದಾಟಿತು. ಅವನ ಗಡಿ ಎಲ್ಲಿದೆ ಅಂತ ಅವನಿಗೇ ಗೊತ್ತಾಯಿತು, ನಾನು ಹೇಳಬೇಕಾಗಲಿಲ್ಲ. ಈ ಕಥೆ ಹೇಳೋಕೆ ಶುರು ಮಾಡಿದರೆ ನನಗೆ ನಿಲ್ಲಿಸೋಕೇ ಆಗಲ್ಲ.

ಹಾಗಂತ ನಿಧಾನವೇ ಒಳ್ಳೆಯದು ಅಂತ ತಿಳಿಯಬೇಡಿ. ಅಮೆರಿಕದ ಜಾನೆಟ್ ಇವಾನ್ಸ್ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 3 ಚಿನ್ನ ಗೆದ್ದಾಗ ಅವರಿಗೆ 17 ವರ್ಷ. ಸಣ್ಣ ಮೈಕಟ್ಟು, ಗಿರಗಿರ ತಿರುಗುವ ನೇರ ಕೈ. 1989ರಲ್ಲಿ 800 ಮೀಟರಿಗೆ ಅವರು ಹಾಕಿದ 8 ನಿಮಿಷ 16.22 ಸೆಕೆಂಡಿನ ದಾಖಲೆ 2008ರವರೆಗೂ ಉಳಿಯಿತು. ಅಷ್ಟು ಬೇಗ ಕೈ ಹಾಕಿದರೂ ಅವರು ನೀರಿನ ಹಿಡಿತ ಬಿಡುತ್ತಿರಲಿಲ್ಲ. ನಿಮ್ಮ ಕೈ ಹಾಗೆ ಹಿಡಿಯುತ್ತಿದೆಯೋ ಇಲ್ಲವೋ? ಎಣಿಕೆಯನ್ನೇ ಕೇಳಿ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ದಡದಲ್ಲಿ ನಿಂತು "ಬೇಗ ಬೇಗ ಕೈ ಬೀಸು" ಅಂತ ದಯವಿಟ್ಟು ಕೂಗಬೇಡಿ. ಮಗು ನೀರು ಹಿಡಿಯುವುದನ್ನು ಬಿಟ್ಟು ಗಾಳಿಯಲ್ಲಿ ಕೈ ಆಡಿಸಲು ಶುರು ಮಾಡುತ್ತದೆ. ಕೂಗಲೇಬೇಕು ಅಂತಿದ್ದರೆ "ಎಷ್ಟು ಕೈ ಆಯಿತು?" ಅಂತ ಕೇಳಿ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಉಸಿರಿಗೆ ತಲೆ ತಿರುಗಿಸಿದಾಗ ಕೈ ಬೀಪಿಗಿಂತ ಹಿಂದೆ ಬಿದ್ದರೆ ತಪ್ಪು ಉಸಿರಾಟದಲ್ಲಿದೆ, ತಲೆ ಜಾಸ್ತಿ ಎತ್ತುತ್ತಿದ್ದೀರಿ. ಬಸವನಗುಡಿಯಂಥ 50 ಮೀಟರ್ ಕೊಳದಲ್ಲಿ ಈಜುವವರು 25ರ ಎಣಿಕೆಯನ್ನು ಸುಮ್ನೆ ಎರಡರಿಂದ ಗುಣಿಸಬೇಡಿ. ಮಧ್ಯದಲ್ಲಿ ಒದೆಯಲು ಗೋಡೆ ಇಲ್ಲ ಅಲ್ವಾ, ನಾಲ್ಕಾರು ಕೈ ಜಾಸ್ತಿಯೇ ಬರುತ್ತದೆ. ಈಜು ಈಗಷ್ಟೇ ಕಲಿಯುತ್ತಿರುವವರು ಈ ಯಂತ್ರ ಕೊಳ್ಳಬೇಡಿ, ಮೊದಲು ಉಸಿರಾಟ ಸರಿ ಮಾಡಿಕೊಳ್ಳಿ. ಕೊಂಡವರು ಮೊದಲ ದಿನ ಬೀಪ್ ಹಾಕಲೇಬೇಡಿ. ನಿಮ್ಮ ಪಾಡಿಗೆ ನಾಲ್ಕು ಸಲ ಈಜಿ, ನಾಲ್ಕು ಸಲವೂ ಕೈ ಎಣಿಸಿ, ಬಂದ ಸಂಖ್ಯೆಯನ್ನು ಮನೆಗೆ ಹೋಗಿ ಬರೆದಿಡಿ. ಮರುದಿನದಿಂದ ಬೀಪ್. ನಮಸ್ಕಾರ.